ಕಿಟಕಿ ಸಾಲಿನ ಪ್ರಶ್ನೆಗಳು

ಹುಡುಗಿ ಡಬ್ಬಿಯೊಳಗೆ ಕೈ ಹಾಕಿ ಒಂದು ಚೀಟಿ ತೆಗೆದಳು, ಬಿಡಿಸಿದಳು, ಓದಿದಳು, ಮತ್ತೆ ಇದ್ದ ಮಡಿಕೆಗಳ ಮೇಲೇ ಮಡಿಸಿ ಡಬ್ಬಿಗೆ ಹಾಕಿದಳು. ಇದು ಮೂರನೆಯ ಸಲ. ವಿಜ್ಞಾನದ ಮೇಷ್ಟರು ಕೈಗಡಿಯಾರ ನೋಡಿಕೊಂಡರು. ಮೂರೂ ಮುಕ್ಕಾಲು. ನಾಲ್ಕೂವರೆಗೆ ವಿಜ್ಞಾನ ಮೇಳದ ಫಾರಂಗಳೆಲ್ಲ ಹೆಡ್‌ಮಾಸ್ಟರ ಮೇಜಿನ ಮೇಲಿರಬೇಕು. ಏಳನೇ ತರಗತಿಯ ಮೂವತ್ತೆಂಟರಲ್ಲಿ ಮೂವತ್ತೇಳು ಆಗಲೇ ತುಂಬಿ ರಟ್ಟಿನ ಫೈಲಿನಲ್ಲಿ ಕೂತಿದ್ದವು, ಉಳಿದದ್ದು ಇವಳೊಬ್ಬಳದು. ಆ ಬಿಸ್ಕತ್ತಿನ ಡಬ್ಬಿಗೆ ಇಪ್ಪತ್ತನಾಲ್ಕು ವರ್ಷ. ಒಳಗೆ ನಲವತ್ತು ಚೀಟಿ, ನಲವತ್ತು ವಿಷಯ: ಜ್ವಾಲಾಮುಖಿ, ನೀರು ಸೋಸುವುದು, ನಿಂಬೆಹಣ್ಣಿನಿಂದ ದೀಪ ಹೊತ್ತಿಸುವುದು, ಹೀಗೆ. ಮೇಷ್ಟರು ಕೆಲಸಕ್ಕೆ ಸೇರಿದ ವರ್ಷ ಒಂದು ಭಾನುವಾರ ಕೂತು ಅವನ್ನು ಬರೆದಿದ್ದರು. ಚೀಟಿ ಹರಿದರೆ ಅದೇ ವಿಷಯವನ್ನು ಹೊಸ ಕಾಗದದಲ್ಲಿ ಬರೆದು ಹಾಕುತ್ತಿದ್ದರೇ ಹೊರತು ವಿಷಯ ಬದಲಾಯಿಸಿದವರಲ್ಲ. ಪ್ರತಿವರ್ಷ ಮಕ್ಕಳು ಚೀಟಿ ಎತ್ತುತ್ತಿದ್ದರು, ಫಾರಂ ತುಂಬುತ್ತಿದ್ದರು, ಒಂದೆರಡು ಬಹುಮಾನವೂ ಬರುತ್ತಿತ್ತು. ಎತ್ತಿದ ಚೀಟಿಯನ್ನು ವಾಪಸ್ಸು ಹಾಕಿದವರು ಇವತ್ತಿನವರೆಗೆ ಯಾರೂ ಇರಲಿಲ್ಲ.

"ಯಾಕಮ್ಮ, ಇದೂ ಹಿಡಿಸಲಿಲ್ವಾ?"

"ಹಿಡಿಸೋದು ಬಿಡೋದು ಆಮೇಲಿನ ಮಾತು ಸಾರ್," ಎಂದಳು ಹುಡುಗಿ. "ಇದಕ್ಕೆ ಉತ್ತರ ಆಗಲೇ ಗೊತ್ತಿದೆಯಲ್ಲ. ಗೊತ್ತಿರೋದನ್ನ ಮತ್ತೆ ಯಾಕೆ ಕಂಡುಹಿಡೀಬೇಕು?"

ಈ ಮಾತಿನ ವರಸೆಗೇ ತರಗತಿಯಲ್ಲಿ ಅವಳನ್ನು ಎಲ್ಲರೂ ಅಜ್ಜಿ ಎಂದು ಕರೆಯುತ್ತಿದ್ದರು. ಹನ್ನೆರಡು ವರ್ಷದ ಮೋಟು ಜಡೆಯ ಹುಡುಗಿ, ಮೂಗಿನ ತುದಿಗೆ ಜಾರುವ ಕನ್ನಡಕ, ಯಾವುದಕ್ಕೂ ಅವಸರವಿಲ್ಲ. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ನಾಲ್ಕು ಮಕ್ಕಳ ಮದುವೆ ಮಾಡಿ ಮುಗಿಸಿದವಳ ಹಾಗೆ ಕೂರುತ್ತಾಳೆ. ದನಿ ಮಾತ್ರ ಸಣ್ಣದು. ಒಂದು ಮಾತೂ ತಪ್ಪಿಹೋಗದಿರಲೆಂದು ಮೇಷ್ಟರು, ಎದುರಿಗೇ ಕೂತರೂ, ರೂಢಿಯಂತೆ ಅವಳ ತುಟಿಯ ಮೇಲೆ ಕಣ್ಣಿಟ್ಟಿದ್ದರು. ಅವಳು ಒಳಗೆ ಬರುತ್ತಿದ್ದ ಹಾಗೆಯೇ ಅವರು ಕುರ್ಚಿಯನ್ನು ಸ್ವಲ್ಪ ಓರೆಯಾಗಿ ತಿರುಗಿಸಿ, ಸ್ಟೂಲನ್ನು ಬಲಗಡೆಗೆ ಎಳೆದು, "ಇಲ್ಲಿ ಕೂತ್ಕೊ, ಅಲ್ಲಿ ಬಿಸಿಲು" ಎಂದಿದ್ದರು. ಬಿಸಿಲು ಅಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ. ಈ ನಾಲ್ಕು ವರ್ಷದಲ್ಲಿ ಮೇಷ್ಟರು ಇಂಥ ಸಣ್ಣಪುಟ್ಟ ಸುಳ್ಳುಗಳಲ್ಲಿ ಎಷ್ಟು ಪಳಗಿದ್ದರೆಂದರೆ, ಹೇಳುವಾಗ ಈಗ ಮುಖ ಕೂಡ ಬಿಸಿಯಾಗುತ್ತಿರಲಿಲ್ಲ.

ಅವರ ಎಡಗಿವಿ ಕೇಳುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಜ್ವರದ ನಂತರ ಮೊದಲು ಅದರೊಳಗೆ ಜೀರುಂಡೆ ಕೂತ ಹಾಗಾಯಿತು, ಆಮೇಲೆ ಜೀರುಂಡೆಯೂ ಹೋಯಿತು. ಊರಾಚೆಯ, ಗುರುತಿನವರು ಯಾರೂ ಹೋಗದ ಒಬ್ಬ ಡಾಕ್ಟರ ಹತ್ತಿರ ಕದ್ದು ಹೋಗಿ ತೋರಿಸಿಕೊಂಡಿದ್ದರು. ಹೋದದ್ದು ಹೋಯಿತು, ಇನ್ನೊಂದನ್ನು ಜೋಪಾನ ಮಾಡಿ ಎಂದರು ಡಾಕ್ಟರು, ಚಪ್ಪಲಿ ಕಳೆದುಕೊಂಡವನಿಗೆ ಹೇಳುವ ಹಾಗೆ. ಮೇಷ್ಟರು ಅದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಇಲ್ಲ. ಒಲೆಯ ಮುಂದಿನಿಂದ ಅವಳು ಏನಾದರೂ ಹೇಳಿ, ಇವರು ಪೇಪರಿನಿಂದ ತಲೆಯೆತ್ತದೆ ಕೂತರೆ, "ನನ್ನ ಮಾತು ಅಂದ್ರೆ ನಿಮಗೆ ಕಾಲ ಕಸ" ಎಂದು ಅವಳು ಪಾತ್ರೆ ಕುಕ್ಕುತ್ತಿದ್ದಳು. ಪಾತ್ರೆಯ ಸದ್ದು ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಉದಾಸೀನದ ಗಂಡ ಅನ್ನಿಸಿಕೊಳ್ಳುವುದು ವಾಸಿ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಆ ತೀರ್ಮಾನದಿಂದ ಅವಳಿಗೆ ಎಷ್ಟು ನೋವಾಗುತ್ತಿರಬಹುದೆಂದು ಯೋಚಿಸಲು ಹೋಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಬೆಂಚಿನ ಎಡತುದಿ ಅವರದು. ಎಲ್ಲರೂ ಬಲಕ್ಕೆ ಬೀಳುವ ಹಾಗೆ. ಯಾರಾದರೂ ಮೊದಲೇ ಅಲ್ಲಿ ಕೂತಿದ್ದರೆ ಇವರು ನಿಂತೇ ಟೀ ಕುಡಿಯುತ್ತಿದ್ದರು. ಒಮ್ಮೆ ಗಣಿತದ ಮೇಷ್ಟರು ಎಡಗಡೆಯಿಂದ ಬಂದು ಮಾವ ಬಚ್ಚಲಲ್ಲಿ ಜಾರಿ ಬಿದ್ದ ಸುದ್ದಿ ಹೇಳಿದಾಗ, ಇವರು ಅಂದಾಜಿನ ಮೇಲೆ ನಕ್ಕು, "ಒಳ್ಳೇದಾಯ್ತು, ಒಳ್ಳೇದಾಯ್ತು" ಎಂದು ಬೆನ್ನು ತಟ್ಟಿದ್ದರು. ಗಣಿತದ ಮೇಷ್ಟರು ಒಂದು ತಿಂಗಳು ಮಾತು ಬಿಟ್ಟರು.

ಇಷ್ಟೆಲ್ಲ ಹೆಣಗಾಡುವುದಕ್ಕೆ ಕಾರಣವಿತ್ತು. ಡ್ರಾಯಿಂಗ್ ಮೇಷ್ಟರಿಗೆ ಕಣ್ಣು ಮಂಜಾದಾಗ ಹೆಡ್‌ಮಾಸ್ಟರು ಬಹಳ ಮರ್ಯಾದೆಯಿಂದಲೇ, "ನಿಮಗೂ ಆರಾಮ ಆಗ್ಲಿ" ಎಂದು ಅವರನ್ನು ಸ್ಟೋರ್ ರೂಮಿಗೆ ಹಾಕಿದ್ದರು. ಸೀಮೆಸುಣ್ಣ, ಪೊರಕೆ, ಹಳೇ ಗ್ಲೋಬು. ಡ್ರಾಯಿಂಗ್ ಮೇಷ್ಟರು ಈಗ ಅಲ್ಲಿ ಕೂತು ಯಾರಾದರೂ ಸೀಮೆಸುಣ್ಣ ಕೇಳಲು ಬರುತ್ತಾರೇನೋ ಎಂದು ಬಾಗಿಲು ನೋಡುತ್ತಿರುತ್ತಾರೆ. ಹೋದವರ ಕೈಗೆ ಒಂದು ಕೇಳಿದರೆ ಎರಡು ಕೊಡುತ್ತಾರೆ, ಇನ್ನೊಂದು ನಿಮಿಷ ನಿಲ್ಲಲಿ ಎಂದು. ಆ ಬಾಗಿಲ ಮುಂದೆ ಹಾದು ಹೋಗುವಾಗೆಲ್ಲ ವಿಜ್ಞಾನದ ಮೇಷ್ಟರ ಹೆಜ್ಜೆ ತಾನಾಗಿ ಚುರುಕಾಗುತ್ತಿತ್ತು. ತರಗತಿ ಹೋದರೆ ತನಗೆ ಇನ್ನೇನು ಉಳಿಯುತ್ತದೆ? ಮಕ್ಕಳಿಲ್ಲದ ಮನೆ, ಮಾತಿಗೆ ಮಾತು ಸೇರದ ಹೆಂಡತಿ, ನಲವತ್ತು ಚೀಟಿಯ ಡಬ್ಬಿ.

"ಹಾಗಾದ್ರೆ ನೀನೇ ಹೇಳಮ್ಮ," ಎಂದರು. "ಉತ್ತರ ಗೊತ್ತಿಲ್ಲದ ವಿಷಯ ಎಲ್ಲಿಂದ ತರೋಣ?"

ದನಿಯಲ್ಲಿ ಕೊಂಚ ಹುಳಿ ಇತ್ತು, ಅವರಿಗೇ ಗೊತ್ತಾಯಿತು. ಹೋದ ವರ್ಷದ ಮೇಳ ನೆನಪಾಗಿತ್ತು. ಪರೀಕ್ಷಕರೊಬ್ಬರು ಇವರ ವಿದ್ಯಾರ್ಥಿಯ ಜ್ವಾಲಾಮುಖಿಯ ಮುಂದೆ ನಿಂತು, "ಈ ವಿಷಯ ಯಾಕಪ್ಪ ಆರಿಸಿಕೊಂಡೆ?" ಎಂದು ಕೇಳಿದರು. "ಚೀಟಿಯಲ್ಲಿ ಬಂತು ಸಾರ್," ಎಂದಿದ್ದ ಹುಡುಗ, ಪ್ರಾಮಾಣಿಕವಾಗಿ. ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕಿದ್ದರು. ಹುಡುಗ ಆಗ ಮೇಷ್ಟರ ಎಡಗಡೆಗಿದ್ದ, ಏನೆಂದನೆಂದು ಅವರಿಗೆ ಕೇಳಿಸಲೇ ಇಲ್ಲ, ಎಲ್ಲರ ಜೊತೆ ತಾವೂ ನಕ್ಕುಬಿಟ್ಟರು. ಯಾರೋ ಆಮೇಲೆ ಹೇಳಿದ ಮೇಲೆ, ಆ ನಗು ಎರಡು ದಿನ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಹುಡುಗಿ ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಕೊಡಲೋ ಬೇಡವೋ ಎಂದು ಒಂದು ಸಲ ಎದೆಗೆ ಒತ್ತಿಕೊಂಡಳು. "ಸಾರ್, ನೀವು ಬೇಜಾರು ಮಾಡ್ಕೋಬಾರದು."

"ಇಲ್ಲಮ್ಮ."

"ಬೈಬಾರದು."

"ಇಲ್ಲ ಅಂದ್ನಲ್ಲ. ಕೊಡಿಲ್ಲಿ, ಹೊತ್ತಾಗುತ್ತೆ."

ನೋಟ್‌ಬುಕ್ಕಿನ ನಡುವಿನ ಎರಡು ಹಾಳೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ಮನೆ ಮಾಡಿದ್ದಳು. ಬಾಗಿಲ ಸಾಲು, ನಡು ಸಾಲು, ಕಿಟಕಿ ಸಾಲು. ಪ್ರತಿ ಸಾಲಿಗೂ ಎರಡೆರಡು ಮನೆ: ಕೇಳಿದ ಪ್ರಶ್ನೆ, ಉತ್ತರ ಸಿಕ್ಕ ಪ್ರಶ್ನೆ. ಒಳಗೆಲ್ಲ ಸಣ್ಣ ಸಣ್ಣ ಗೀಟುಗಳು, ಐದೈದರ ಕಟ್ಟು. ಇಪ್ಪತ್ತಾರು ದಿನದ ಲೆಕ್ಕ, ಪ್ರತಿ ದಿನಕ್ಕೂ ತಾರೀಖು. ಮೇಲೆ ದುಂಡಗಿನ ಅಕ್ಷರದಲ್ಲಿ ತಲೆಬರಹ: ನಮ್ಮ ವಿಜ್ಞಾನದ ತರಗತಿಯಲ್ಲಿ ಯಾರ ಪ್ರಶ್ನೆಗೆ ಉತ್ತರ ಸಿಗುತ್ತದೆ? ಕೆಳಗೆ ಮೊತ್ತ. ಬಾಗಿಲ ಸಾಲು, ಐವತ್ತೆರಡಕ್ಕೆ ನಲವತ್ತೊಂಬತ್ತು. ನಡು ಸಾಲು, ನಲವತ್ತಕ್ಕೆ ಇಪ್ಪತ್ತೆಂಟು. ಕಿಟಕಿ ಸಾಲು, ನಲವತ್ತೇಳಕ್ಕೆ ಒಂಬತ್ತು. ಮೇಷ್ಟರು ಆ ಒಂಬತ್ತನ್ನು ನೋಡಿದರು. ಕಿಟಕಿ ಇರುವುದು ಅವರ ಎಡಗಡೆಗೆ.

ಮೊದಲು ಬಂದದ್ದು ಹೆದರಿಕೆಯಲ್ಲ, ಅವಮಾನವೂ ಅಲ್ಲ. ಎಂಥ ಚೊಕ್ಕ ಕೆಲಸ ಎಂಬ ಮೆಚ್ಚುಗೆ. ಅದು ಬಂದ ಹಿಂದೆಯೇ ಕುತ್ತಿಗೆಯ ಹಿಂಭಾಗದಲ್ಲಿ ಬೆವರು ಇಳಿಯಿತು. ಅವರ ತರಗತಿಯಲ್ಲಿ ಕೈಯೆತ್ತುವ ಪದ್ಧತಿ ಇಲ್ಲ. ಸೇರಿದ ಮೊದಲ ದಿನವೇ ಆ ಪದ್ಧತಿಯನ್ನು ಕಿತ್ತೆಸೆದಿದ್ದರು. "ಕೈ ಎತ್ತಿ ಅಪ್ಪಣೆ ಕೇಳಬೇಡಿ, ಬಾಯಿಬಿಟ್ಟು ಪ್ರಶ್ನೆ ಕೇಳಿ, ಪ್ರಶ್ನೆಗೆ ಯಾರ ಅಪ್ಪಣೆಯೂ ಬೇಡ" ಎಂದು ಹೇಳಿದಾಗ ಇಪ್ಪತ್ತಾರು ವರ್ಷದ ಮೇಷ್ಟರ ಕಾಲು ನೆಲದ ಮೇಲಿರಲಿಲ್ಲ. ಬೇರೆ ತರಗತಿಯ ಮಕ್ಕಳು ಇವರ ತರಗತಿಯ ಮಕ್ಕಳನ್ನು ಕಂಡು ಹೊಟ್ಟೆಯುರಿದುಕೊಳ್ಳುತ್ತಿದ್ದರು. ಅದೇ ಹೆಮ್ಮೆ ಈಗ ನೋಟ್‌ಬುಕ್ಕಿನಲ್ಲಿ ಗೀಟುಗಳಾಗಿ ನಿಂತಿತ್ತು. ನಲವತ್ತೇಳರಲ್ಲಿ ಒಂಬತ್ತು ಕಳೆದರೆ ಮೂವತ್ತೆಂಟು. ಮೂವತ್ತೆಂಟು ಸಲ ಒಂದು ಮಗು ಬಾಯಿಬಿಟ್ಟು ಕೇಳಿದೆ, ಮೇಷ್ಟರು ಮುಖ ತಿರುಗಿಸಿದ್ದಾರೆ. ನಾಲ್ಕು ವರ್ಷಕ್ಕೆ ಎಷ್ಟಾಯಿತು? ಲೆಕ್ಕ ಹಾಕಲು ಹೊರಟು ಅರ್ಧಕ್ಕೆ ಬಿಟ್ಟರು.

ಅವರ ಅಮ್ಮನಿಗೂ ಕೊನೆಕೊನೆಗೆ ಕಿವಿ ಕೇಳುತ್ತಿರಲಿಲ್ಲ. ಊಟಕ್ಕೆ ಕೂತಾಗ ಅಣ್ಣ ಏನೋ ತಮಾಷೆ ಹೇಳುತ್ತಿದ್ದ, ಎಲ್ಲರೂ ನಗುತ್ತಿದ್ದರು, ಅಮ್ಮನೂ ಒಬ್ಬೊಬ್ಬರ ಮುಖವನ್ನೇ ನೋಡಿಕೊಂಡು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ನಗು ಮುಗಿದ ಮೇಲೆ ಇವರ ಕಡೆ ಬಗ್ಗಿ, ಮೆಲ್ಲಗೆ, "ಯಾಕೋ ಮಗಾ ನಗ್ತಾ ಇದ್ದೀವಿ ನಾವು?" ಎಂದು ಕೇಳುತ್ತಿದ್ದಳು. "ಏನಿಲ್ಲ ಬಿಡಮ್ಮ." ಅಷ್ಟೇ ಹೇಳುತ್ತಿದ್ದರು. ಬಾಯಲ್ಲಿ ತುತ್ತಿತ್ತು, ಮತ್ತೆ ಜೋರಾಗಿ ಹೇಳಬೇಕಿತ್ತು, ಹೇಳಿದರೆ ತಮಾಷೆ ತಮಾಷೆಯಾಗಿ ಉಳಿಯುತ್ತಿರಲಿಲ್ಲ. ಅವಳು ಸರಿ ಸರಿ ಎಂದು ತಲೆಯಾಡಿಸಿ ತಟ್ಟೆಗೆ ಬಗ್ಗುತ್ತಿದ್ದಳು. ಒಂದು ದಿನವೂ ಎರಡನೇ ಸಲ ಕೇಳಲಿಲ್ಲ. ಆ ಎರಡು ಪದ ಎಷ್ಟು ಸಲ ಹೇಳಿರಬಹುದು? ಆಗ ಗೀಟು ಹಾಕುವವರು ಯಾರೂ ಇರಲಿಲ್ಲವಲ್ಲ. ಅಯ್ಯೋ ಅಮ್ಮಾ, ಎಂದು ಮೇಷ್ಟರಿಗೆ ಒಳಗೇ ಅಂದುಕೊಳ್ಳುವಂತಾಯಿತು, ಏಳನೇ ತರಗತಿಯ ಖಾಲಿ ಕೊಠಡಿಯಲ್ಲಿ, ಬೋರ್ಡಿನ ಮೇಲೆ ಇನ್ನೂ ಹೂವಿನ ಭಾಗಗಳ ಚಿತ್ರವಿರುವಾಗ.

"ಕಾರಣಾನೂ ಬರ್ದಿದ್ದೀನಿ ಸಾರ್, ಮುಂದಿನ ಹಾಳೆ," ಎಂದಳು ಹುಡುಗಿ.

ಮುಂದಿನ ಹಾಳೆಯಲ್ಲಿ ಮೂರು ಕಾರಣಗಳಿದ್ದವು. ಒಂದು, ಕಿಟಕಿಯ ಬೆಳಕು ಸಾರ್ ಕಣ್ಣಿಗೆ ಹೊಡೆಯಬಹುದು. ಇದನ್ನು ಹೊಡೆದುಹಾಕಿ, ಮೋಡದ ದಿನವೂ ಹಾಗೇ ಆಗುತ್ತದೆ ಎಂದು ಬರೆದಿದ್ದಳು. ಎರಡು, ಬಾಗಿಲ ಸಾಲಿನವರು ಜಾಣರಿರಬಹುದು. ಇದನ್ನೂ ಹೊಡೆದುಹಾಕಿದ್ದಳು. ಹೇಗೆಂದರೆ, ನಾಲ್ಕು ದಿನ ಇವಳು ಬಾಗಿಲ ಸಾಲಿನ ಗೆಳತಿಯ ಜೊತೆ ಜಾಗ ಬದಲಾಯಿಸಿಕೊಂಡಿದ್ದಳು. ಆ ನಾಲ್ಕು ದಿನದಲ್ಲಿ ಇವಳ ಒಂಬತ್ತು ಪ್ರಶ್ನೆಗೆ ಎಂಟು ಉತ್ತರ ಸಿಕ್ಕಿತ್ತು. ಬಾಯಿಬಡುಕಿ ಎಂದು ಹೆಸರಾದ ಆ ಗೆಳತಿಗೆ ಕಿಟಕಿ ಸಾಲಿನಲ್ಲಿ ಆರಕ್ಕೆ ಒಂದೇ.

ಆ ನಾಲ್ಕು ದಿನ ಮೇಷ್ಟರಿಗೆ ಚೆನ್ನಾಗಿ ನೆನಪಿತ್ತು. ಬಾಗಿಲ ಕಡೆಯಿಂದ ಒಂದು ಸಣ್ಣ ದನಿ ಇದ್ದಕ್ಕಿದ್ದ ಹಾಗೆ ಪ್ರಶ್ನೆ ಕೇಳತೊಡಗಿತ್ತು, ಒಂದಕ್ಕಿಂತ ಒಂದು ಚೆಂದದ ಪ್ರಶ್ನೆ. ಮನೆಗೆ ಹೋಗಿ ಹೆಂಡತಿಯ ಹತ್ತಿರವೂ ಹೇಳಿಕೊಂಡಿದ್ದರು, "ಒಂದು ಹುಡುಗಿ ಇದ್ದಾಳೆ ಕಣೆ, ಇಷ್ಟು ದಿನ ಎಲ್ಲಿ ಅಡಗಿದ್ದಳೋ!" ಅಂದು ಹೆಂಡತಿಗೂ ಖುಷಿಯಾಗಿತ್ತು, ಗಂಡ ತಾನಾಗಿ ಮಾತಾಡಿದನಲ್ಲ ಎಂದು. ಐದನೇ ದಿನ ದನಿ ನಿಂತುಹೋಯಿತು. ಈ ವಯಸ್ಸಿನ ಮಕ್ಕಳು ಹೀಗೇ, ನಾಲ್ಕು ದಿನದ ಹುಮ್ಮಸ್ಸು, ಎಂದು ಮೇಷ್ಟರು ನಿಟ್ಟುಸಿರುಬಿಟ್ಟಿದ್ದರು. ಅವಳು ವಾಪಸ್ಸು ತನ್ನ ಜಾಗಕ್ಕೆ ಹೋಗಿ ಕೂತಿದ್ದಳು, ಕೇಳುತ್ತಲೇ ಇದ್ದಳು.

ಮೂರನೆಯ ಕಾರಣವನ್ನು ಹೊಡೆದುಹಾಕಿರಲಿಲ್ಲ. ಸಾರ್‌ಗೆ ನಮ್ಮ ಸಾಲಿನ ಮೇಲೆ ಸಿಟ್ಟು ಇರಬಹುದು.

ಮೇಷ್ಟರು ಆ ಸಾಲನ್ನು ಎರಡು ಸಲ ಓದಿದರು. "ಸಿಟ್ಟು ಯಾಕಮ್ಮ ಬರುತ್ತೆ ನನಗೆ?"

"ನನಗೇನು ಗೊತ್ತು ಸಾರ್? ಕಿಟಕಿ ಗಾಜು ಒಡೆದಿದ್ದು ನಮ್ಮ ಸಾಲಿನವರೇ. ಅದಕ್ಕಿರಬಹುದು ಅಂತ ಕೆಲವರು ಅಂತಾರೆ. ಆಮೇಲೆ ನಾವೆಲ್ಲ ಸೇರಿ ಒಂದು ವಾರ ಗಲಾಟೆ ಮಾಡ್ದೇ ಕೂತ್ಕೊಂಡು ನೋಡಿದ್ವಿ. ನೀವು ಗಮನಿಸಲೇ ಇಲ್ಲ." ಹುಡುಗಿ ಕನ್ನಡಕ ಮೇಲೆ ತಳ್ಳಿದಳು. "ಆದ್ರೆ ಸಾರ್, ಸಿಟ್ಟು ಅನ್ನೋಕೂ ಒಂದು ತೊಡಕಿದೆ. ನೀವು ಬೋರ್ಡ್ ಕಡೆ ತಿರುಗಿದಾಗ ಎಲ್ಲಾ ಉಲ್ಟಾ ಆಗುತ್ತೆ. ನಮ್ಮ ಸಾಲಿಗೆ ಸಿಕ್ಕಿರೋ ಒಂಬತ್ತು ಉತ್ತರದಲ್ಲಿ ಎಂಟು, ನೀವು ಬರೀತಾ ಇದ್ದಾಗ ಕೇಳಿದ್ದು. ಬಾಗಿಲ ಸಾಲಿನವರಿಗೆ ತಪ್ಪಿಹೋಗಿರೋ ಮೂರೂ ಆಗಲೇ ಕೇಳಿದ್ದು. ನೀವು ನಮ್ಮ ಮುಖ ನೋಡದೇ ಇದ್ದಾಗ ಮಾತ್ರ ನಮಗೆ ಉತ್ತರ ಸಿಗುತ್ತೆ. ಸಿಟ್ಟಿರೋರು ಹಾಗೆ ಮಾಡ್ತಾರಾ? ಇದೊಂದು ನನಗೆ ಬಗೆಹರೀತಾ ಇಲ್ಲ. ಅದಕ್ಕೇ ನಿಮ್ಮನ್ನೇ ಕೇಳೋಣ ಅಂತ ಬಂದೆ."

ಮೇಷ್ಟರಿಗೆ ಎದ್ದು ನಿಂತು ಕೂಗಬೇಕೆನ್ನಿಸಿತು, ಭೇಷ್, ಭೇಷ್, ಬಾಗಿಲು ತಟ್ಟುತ್ತಿದ್ದೀಯ ಕಣೆ, ಇನ್ನೊಂದು ಹೆಜ್ಜೆ! ಇಪ್ಪತ್ತನಾಲ್ಕು ವರ್ಷದಲ್ಲಿ ನೂರಾರು ಮಕ್ಕಳ ಕೈಗೆ ಚೀಟಿ ಕೊಟ್ಟು ಕಳಿಸಿದ ಮೇಲೆ, ಕೊನೆಗೂ ಒಂದು ಮಗು ತನ್ನ ಕಣ್ಣಿಗೆ ಬಿದ್ದ ಒಗಟನ್ನು ತಾನೇ ಎತ್ತಿಕೊಂಡು ಬಂದು ಮಡಿಲಿಗೆ ಹಾಕಿತ್ತು. ಮೇಷ್ಟರಾದವರು ಕಾಯುವುದೇ ಇದಕ್ಕೆ. ಒಗಟಿನ ಉತ್ತರ ಅವರ ತಲೆಯ ಎಡಗಡೆಗೆ ಅಂಟಿಕೊಂಡಿತ್ತು. ಇದಕ್ಕೆ ಸಹಿ ಹಾಕಿದರೆ ಮೇಳದ ದಿನ ದೊಡ್ಡ ರಟ್ಟಿನ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದು ನಿಲ್ಲಿಸುತ್ತಾಳೆ. ಪರೀಕ್ಷಕರು ಓದುತ್ತಾರೆ, ಗಣಿತದ ಮೇಷ್ಟರು ಓದುತ್ತಾರೆ, ಮಕ್ಕಳ ಅಪ್ಪ ಅಮ್ಮಂದಿರು ಓದುತ್ತಾರೆ, ಹೆಂಡತಿಯೂ ಬರುತ್ತಾಳೆ ಪ್ರತಿವರ್ಷದ ಹಾಗೆ. ಹೆಡ್‌ಮಾಸ್ಟರು ಭುಜದ ಮೇಲೆ ಕೈಯಿಟ್ಟು, ನಿಮಗೂ ಆರಾಮ ಆಗ್ಲಿ ಎನ್ನುತ್ತಾರೆ. ಸ್ಟೋರ್ ರೂಮಿನಲ್ಲಿ ಇನ್ನೊಂದು ಕುರ್ಚಿ ಹಾಕಲು ಜಾಗವಿದೆಯೇ ಎಂದು ಕೂಡ ಮೇಷ್ಟರ ಮನಸ್ಸು ಅಳತೆ ನೋಡಿ ಬಂತು.

"ನೋಡಮ್ಮ," ಎಂದರು. ದನಿ ಅವರದಲ್ಲದ ಹಾಗಿತ್ತು, ನಯವಾಗಿತ್ತು. "ಶ್ರಮ ಪಟ್ಟಿದ್ದೀಯ, ಸಂತೋಷ. ಆದ್ರೆ ಇದು ವಿಜ್ಞಾನದ ವಿಷಯ ಅಲ್ಲ. ವಿಜ್ಞಾನ ಅಂದ್ರೆ ಗಿಡ, ನೀರು, ವಿದ್ಯುತ್ತು. ಇದು ಬರೀ ಕ್ಲಾಸಿನ ಮಾತು. ಮೇಳಕ್ಕೆ ಸರಿಹೋಗಲ್ಲ."

ಅವಳು ಜಗಳವಾಡುತ್ತಾಳೆ ಎಂದುಕೊಂಡಿದ್ದರು. ಹಾಗಲ್ಲ ಸಾರ್, ಸಮಾಧಾನವಾಗಿ ಕೇಳಿ, ಎಂದು ಅಜ್ಜಿಯ ಹಾಗೆ ಶುರುಮಾಡುತ್ತಾಳೆ, ಆಗ ತಾವು ಸ್ವಲ್ಪ ರೇಗಿ, ಅಲ್ಲಿಗೆ ಮುಗಿಸಬಹುದು ಎಂದು. ಹುಡುಗಿ ಒಂದು ಸಲ ಅವರ ಮುಖ ನೋಡಿದಳು. ಆಮೇಲೆ, "ಸರಿ ಸರಿ" ಎಂದು ತಲೆಯಾಡಿಸಿ, ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡು, ಡಬ್ಬಿಗೆ ಕೈ ಹಾಕಿದಳು. ಈ ಸಲ ಚೀಟಿಯನ್ನು ಬಿಡಿಸಿ ಓದಲೂ ಇಲ್ಲ, ಹಾಗೇ ಮುಷ್ಟಿಯಲ್ಲಿ ಇಟ್ಟುಕೊಂಡು ಫಾರಂಗಾಗಿ ಇನ್ನೊಂದು ಕೈ ಚಾಚಿದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ. ಇದ್ದಿದ್ದರೆ ಮೇಷ್ಟರು ಹೇಗೋ ತಡೆದುಕೊಳ್ಳುತ್ತಿದ್ದರು. ಮೂರನೆಯ ಕಾರಣವೇ ಸರಿ ಎಂದು ಅವಳು ಲೆಕ್ಕ ಮುಗಿಸಿದ್ದಳು, ಅಷ್ಟೇ. ಸಾರ್‌ಗೆ ಸಿಟ್ಟು, ಇನ್ನು ಕೇಳಿ ಪ್ರಯೋಜನವಿಲ್ಲ. ನಾಳೆಯಿಂದ ಇವಳು ಪ್ರಶ್ನೆ ಕೇಳುವುದಿಲ್ಲ ಎಂದು ಮೇಷ್ಟರಿಗೆ ಖಂಡಿತವಾಗಿ ಗೊತ್ತಾಯಿತು. ಈ ಕ್ಲಾಸಿನಲ್ಲಿ ಮಾತ್ರವಲ್ಲ, ಮುಂದೆಯೂ, ಯಾರನ್ನೂ.

"ಸಿಟ್ಟಲ್ಲ," ಎಂದರು ಮೇಷ್ಟರು.

"ಏನು ಸಾರ್?"

"ಮೂರನೇ ಕಾರಣಾನೂ ಹೊಡೆದುಹಾಕು. ತಪ್ಪು ಅದು. ನಾಲ್ಕನೇದು ಬರ್ಕೋ." ನಾಲ್ಕು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡ ಮಾತನ್ನು ಹೊರಗೆ ಹಾಕುವುದು ಇಷ್ಟು ಚಿಕ್ಕ ಕೆಲಸವೇ ಎಂದು ಅವರಿಗೇ ಆಶ್ಚರ್ಯವಾಯಿತು. "ನನಗೆ ಎಡಗಿವಿ ಕೇಳಲ್ಲಮ್ಮ. ಒಂದು ಚೂರೂ ಕೇಳಲ್ಲ."

ಹುಡುಗಿ ಅವರ ಎಡಗಿವಿಯನ್ನು ನೋಡಿದಳು, ಕಿಟಕಿ ನೋಡಿದಳು, ತಿರುಗಿ ಬೋರ್ಡು ನೋಡಿದಳು. ಅವಳ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು, ಒಳಗೆ ಮೇಷ್ಟರನ್ನು ಒಂದು ಸಲ ಬೋರ್ಡಿನ ಕಡೆಗೆ, ಒಂದು ಸಲ ತರಗತಿಯ ಕಡೆಗೆ ತಿರುಗಿಸಿ ನೋಡುತ್ತಿದ್ದಳೆಂದು ಕಾಣುತ್ತದೆ. ಆಮೇಲೆ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು.

"ಅಯ್ಯೋ ದೇವರೇ, ಅಷ್ಟೇನಾ!" ಎಂದಳು. "ನಾವು ಏನೇನೋ ಅಂದ್ಕೊಂಡು ಸಾಯ್ತಿದ್ವಲ್ಲ ಸಾರ್!"

ಮೇಷ್ಟರಿಗೆ ನಗು ಬಂತು. ಅಂದಾಜಿನ ಮೇಲೆ ನಗುವ ನಗುವಲ್ಲ. ಹೊಟ್ಟೆಯಿಂದಲೇ ಬಂತು, ಅದರ ಹಿಂದೆ ಕಣ್ಣಲ್ಲಿ ನೀರೂ ಬಂತು, ಕರವಸ್ತ್ರಕ್ಕೆ ತಡಕಾಡಿ ಸಿಗದೆ ಸೀಮೆಸುಣ್ಣದ ಕೈಯಲ್ಲೇ ಒರೆಸಿಕೊಂಡರು. ಹುಡುಗಿಯೂ ನಗುತ್ತಿದ್ದಳು. ನಗುತ್ತಾ ನಗುತ್ತಾ ಇದ್ದಕ್ಕಿದ್ದ ಹಾಗೆ ನಿಲ್ಲಿಸಿ, ನೋಟ್‌ಬುಕ್ ತೆಗೆದು, ರಬ್ಬರಿನಿಂದ ತಲೆಬರಹವನ್ನು ಉಜ್ಜತೊಡಗಿದಳು.

"ಏ, ಏ, ಏನು ಮಾಡ್ತಿದ್ದೀಯ?"

"ಇದು ಬೇಡ ಸಾರ್. ಚೀಟೀದೇ ಮಾಡ್ತೀನಿ. ಏನೋ ಬಂದಿದೆ." ಮುಷ್ಟಿ ಬಿಡಿಸಿದಳು. "ಜ್ವಾಲಾಮುಖಿ. ಆಗ್ಲಿ ಬಿಡಿ, ಜ್ವಾಲಾಮುಖೀನೂ ಚೆನ್ನಾಗೇ ಇರುತ್ತೆ."

"ಯಾಕೆ? ಇಪ್ಪತ್ತಾರು ದಿನ ಕಷ್ಟಪಟ್ಟಿದ್ದೀಯಲ್ಲ!"

"ಎಲ್ಲರಿಗೂ ಗೊತ್ತಾಗಿಬಿಡುತ್ತೆ ಸಾರ್." ತೀರ ಸಣ್ಣ ದನಿಯಲ್ಲಿ ಹೇಳಿದಳು. "ನಿಮ್ಮನ್ನೂ ಸ್ಟೋರ್ ರೂಮಿಗೆ ಹಾಕ್ತಾರೆ. ಡ್ರಾಯಿಂಗ್ ಸಾರ್‌ನ ಹಾಕಿದ ಹಾಗೆ."

ಅಂದರೆ ಮಕ್ಕಳಿಗೆ ಅದೂ ಗೊತ್ತಿದೆ. ಮೇಷ್ಟರು ಆ ಉಜ್ಜುತ್ತಿದ್ದ ಪುಟ್ಟ ಕೈಯನ್ನು ನೋಡಿದರು. ಉತ್ತರ ಗೊತ್ತಿರುವುದನ್ನು ಮತ್ತೆ ಯಾಕೆ ಕಂಡುಹಿಡಿಯಬೇಕು ಎಂದವಳು, ಈಗ ಉತ್ತರ ಸಿಕ್ಕ ಮೇಲೆ ಅದನ್ನು ಅಳಿಸುತ್ತಿದ್ದಾಳೆ, ಇವರಿಗೋಸ್ಕರ. ಇಷ್ಟು ದಿನ ಇವಳ ಸಾಲಿಗೆ ಸರಿಯಾಗಿ ಉತ್ತರವನ್ನೇ ಕೊಡದಿದ್ದ ಮೇಷ್ಟರಿಗೋಸ್ಕರ. ತನ್ನ ತರಗತಿ ತನಗೆ ಬೇಕು, ಪ್ರಾಣದಷ್ಟು ಬೇಕು, ಸುಳ್ಳೇನು. ಆದರೆ ಈ ರಬ್ಬರಿನ ಪುಡಿಯ ಮೇಲೆ ನಿಂತು ನಾಳೆ ಬೆಳಿಗ್ಗೆ ಯಾವ ಬಾಯಿಂದ ಪ್ರಶ್ನೆ ಕೇಳಿ ಎನ್ನುವುದು? ಅವರು ರಬ್ಬರನ್ನು ಅವಳ ಕೈಯಿಂದ ಮೆಲ್ಲಗೆ ಕಿತ್ತುಕೊಂಡರು.

"ನಿನ್ನ ಲೆಕ್ಕ ಸರಿ ಇದೆಯೋ ಇಲ್ವೋ?"

"ಸರಿ ಇದೆ ಸಾರ್. ಎರಡೆರಡು ಸಲ ಕೂಡಿದ್ದೀನಿ."

"ಸರಿ ಇರೋದನ್ನ ಅಳಿಸೋದು ನಾನು ನಿಂಗೆ ಯಾವತ್ತಾದ್ರೂ ಹೇಳ್ಕೊಟ್ಟಿದ್ದೀನಾ?"

"ಹೇಳ್ಕೊಟ್ಟಿದ್ರೆ ನನಗೆ ಕೇಳಿಸ್ತಿತ್ತು, ನಿಮಗೆ ತಾನೇ ಕೇಳಿಸಲ್ಲ," ಎಂದಳು ಹುಡುಗಿ, ಹೇಳಿ ನಾಲಿಗೆ ಕಚ್ಚಿಕೊಂಡಳು.

"ಬಾಯಿ ನೋಡು! ಸುಮ್ನೆ ಇದನ್ನೇ ಫಾರಂ ಮೇಲೆ ಬರಿ. ಇದು ವಿಜ್ಞಾನ ಅಲ್ಲ ಅಂದ್ನಲ್ಲ ಆಗ, ಅದು ಶುದ್ಧ ಸುಳ್ಳು. ಹೆದರಿಕೆಗೆ ಹೇಳಿದ್ದು. ಈ ಡಬ್ಬಿಯಲ್ಲಿರೋ ಅಷ್ಟನ್ನೂ ಒಂದು ಕಡೆ ಇಟ್ರೂ ಇದರ ಪಕ್ಕಕ್ಕೆ ಬರಲ್ಲ."

ಅವಳು ಬರೆದಳು. ವಿಷಯ. ಯಾಕೆ ಆರಿಸಿಕೊಂಡಿರಿ? ಆ ಮನೆಯಲ್ಲಿ, ನಮಗೆ ಉತ್ತರ ಸಿಗುತ್ತಿರಲಿಲ್ಲ, ಎಂದು ಬರೆದಳು. ಕೊನೆಯ ಮನೆ, ಇದರಿಂದ ಏನು ಉಪಯೋಗ? ಅಲ್ಲಿ ಪೆನ್ಸಿಲ್ ನಿಂತಿತು. ಹುಡುಗಿ ಕನ್ನಡಕ ತೆಗೆದು ಲಂಗದ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ಕೊಠಡಿಯನ್ನೆಲ್ಲ ಒಂದು ಸುತ್ತು ನೋಡಿದಳು. ಹೊಸ ಬಾಡಿಗೆ ಮನೆಗೆ ಬಂದವಳು ಮಂಚ ಎಲ್ಲಿ ಹಾಕುವುದೆಂದು ನೋಡುವ ಹಾಗಿತ್ತು. "ಸಾರ್, ನೀವು ಯಾಕೆ ಯಾವಾಗಲೂ ಮಧ್ಯದಲ್ಲೇ ನಿಲ್ಲಬೇಕು?"

"ಮೇಜು ಇಲ್ಲೇ ಇದೆಯಲ್ಲ. ನಾನು ಬರೋ ಮುಂಚಿಂದಲೂ ಇಲ್ಲೇ ಇದೆ."

"ಕಿಟಕಿ ಮೂಲೆಗೆ ಹಾಕಿದ್ರೆ? ಆಗ ಎಲ್ಲರೂ ನಿಮ್ಮ ಬಲಗಡೆಗೇ ಬರ್ತಾರೆ. ಎಡಗಡೆ ಬರೀ ಗೋಡೆ. ಗೋಡೆ ಏನು ಪ್ರಶ್ನೆ ಕೇಳುತ್ತಾ?"

ನಾಲ್ಕು ವರ್ಷ. ಬೆಂಚಿನ ತುದಿ, ನಿಂತು ಕುಡಿದ ಟೀ, ಇಲ್ಲದ ಬಿಸಿಲು, ತುಟಿ ನೋಡಿ ನೋಡಿ ಬರುವ ತಲೆನೋವು. ಈ ನಾಲ್ಕು ವರ್ಷದಲ್ಲಿ ಮೇಜನ್ನು ಹನ್ನೆರಡು ಅಡಿ ಸರಿಸಬಹುದೆಂದು ಹೊಳೆಯದ ತಲೆ ಇದು. ಮುಚ್ಚಿಡುವುದರಲ್ಲೇ ಬುದ್ಧಿಯೆಲ್ಲ ಖರ್ಚಾಗಿತ್ತು, ಇನ್ನೆಲ್ಲಿಂದ ಬರಬೇಕು.

"ಹಿಡಿ ಆ ಕಡೆ," ಎಂದು ಎದ್ದರು.

ಮೇಜು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹಳೇ ಕಾಲದ ಮರ, ಕಾಲುಗಳು ನೆಲದಲ್ಲಿ ಬೇರು ಬಿಟ್ಟ ಹಾಗೆ ಕೂತಿದ್ದವು. ಹುಡುಗಿ ಬೆನ್ನು ಕೊಟ್ಟು ತಳ್ಳಿದಳು, ಮೇಷ್ಟರು ಏದುಸಿರು ಬಿಡುತ್ತಾ ಎಳೆದರು, ಕೊನೆಗೆ ಕಿರ್ರೆಂದು ಒಂದು ಗೇಣು ಸರಿಯಿತು. "ಐಸಾ ಅನ್ನಿ ಸಾರ್, ಐಸಾ ಅಂದ್ರೆ ಜಲ್ದಿ ಬರುತ್ತೆ." ಐಸಾ ಎಂದರು. ಡ್ರಾಯರಿನ ಒಳಗೆ ಯಾವುದೋ ಕಾಲದ ಗಾಜಿನ ಕೊಳವೆಗಳು ಗಲಗಲ ಎಂದವು. ಸರಿದ ಜಾಗದಲ್ಲಿ ಧೂಳಿನ ನಡುವೆ ನೆಲ ಹೊಸದಾಗಿ ಹೊಳೆಯುತ್ತಿತ್ತು. ಕಿಟಕಿಯ ಮೂಲೆಗೆ ಮುಟ್ಟಿಸುವ ಹೊತ್ತಿಗೆ ಮೇಷ್ಟರ ಅಂಗಿ ಬೆನ್ನಿಗಂಟಿತ್ತು, ಹುಡುಗಿಯ ಜಡೆ ಬಿಚ್ಚಿಹೋಗಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು.

ಅವಳು ಫಾರಂನ ಕೊನೆಯ ಮನೆಯನ್ನು ನಿಂತೇ ತುಂಬಿದಳು. ಮೇಷ್ಟರು ಸಹಿ ಹಾಕಿದರು. ಹಾಕುವಾಗ ಅಕ್ಷರ ಓಲಾಡಿತು, ಆದರೂ ಓದಲು ಬರುತ್ತಿತ್ತು. "ಹೋಗು, ನಿನ್ನ ಜಾಗದಲ್ಲಿ ಕೂತ್ಕೊ," ಎಂದರು. "ಜೋರಾಗಿ ಮಾತಾಡಬೇಡ. ದಿನಾ ಹೇಗೆ ಕೇಳ್ತೀಯೋ ಹಾಗೇ ಕೇಳು ಏನಾದ್ರೂ."

ಹುಡುಗಿ ಕಿಟಕಿ ಸಾಲಿನ ಐದನೇ ಬೆಂಚಿಗೆ ಹೋಗಿ, ಲಂಗ ಸರಿಮಾಡಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಮೇಷ್ಟರು ಮೇಜಿನ ಹಿಂದೆ ನಿಂತರು. ಎಡಕ್ಕೆ ಗೋಡೆ. ಎದುರಿಗೆ, ಬಲಕ್ಕೆ, ಅಷ್ಟಗಲಕ್ಕೂ ಖಾಲಿ ಬೆಂಚುಗಳು. ನಾಳೆ ಒಂಬತ್ತು ಗಂಟೆಗೆ ತುಂಬಿಕೊಳ್ಳುತ್ತವೆ. ಆಗ ತಾವು ಇಲ್ಲಿ ನಿಂತಿರುತ್ತೇವೋ ಇಲ್ಲವೋ, ಅದನ್ನು ತೀರ್ಮಾನ ಮಾಡುವವರು ನಾಲ್ಕು ಕೊಠಡಿ ಆಚೆ ಕೂತಿದ್ದಾರೆ. ಮೇಷ್ಟರು ಕಣ್ಣು ಮುಚ್ಚಿಕೊಂಡರು, ಅವಳ ತುಟಿ ಕಾಣದ ಹಾಗೆ.

"ಸಾರ್," ಎಂದಿತು ಆ ಸಣ್ಣ ದನಿ. "ಉತ್ತರ ಯಾಕೆ ಸಿಗ್ತಿರಲಿಲ್ಲ ಅಂತ ಹೆಡ್‌ಮಾಸ್ಟರು ಕೇಳಿದ್ರೆ ನಾನು ಹೇಳ್ಲಾ, ನೀವೇ ಹೇಳ್ತೀರಾ?"

ಒಂದಕ್ಷರವೂ ತಪ್ಪದೆ ಕೇಳಿಸಿತು.

"ನಾನೇ ಹೇಳ್ತೀನಿ," ಎಂದರು ಮೇಷ್ಟರು, ಫಾರಂ ಎತ್ತಿಕೊಂಡು ಹೊರಟರು.